ಕಾಗದದ ಮೇಲಿನ ಕಟ್ ಟೈಮ್‌ಲೈನ್‌ಗೆ ದಾಟುವಾಗ: ಕನ್ನಡ ಸಂದರ್ಶನ ಎಡಿಟ್ ಮಾಡುವವರಿಗೆ

ಇಳಕಲ್ಲಿನ ನೇಕಾರ ಅಜ್ಜರೊಬ್ಬರ ಜೊತೆ ಎರಡು ದಿನ ಕೂತು ಮಾತಾಡಿಸಿದ್ದು ಒಟ್ಟು 2 ಗಂಟೆ 40 ನಿಮಿಷ. ಬೇಕಾಗಿದ್ದದ್ದು 14 ನಿಮಿಷದ ಚಿತ್ರ. ಮೊದಲೆಲ್ಲ ಇಂಥ ಕೆಲಸ ಬಂದರೆ ಫೂಟೇಜನ್ನು ಹಿಂದೆ ಮುಂದೆ ಓಡಿಸುತ್ತ, ಚೀಟಿಯಲ್ಲಿ ಸಮಯ ಬರೆದುಕೊಳ್ಳುತ್ತ ಒಂದು ವಾರ ಕಳೆಯುತ್ತಿದ್ದೆ. ಈಗ ಮಾತನ್ನು ಅಕ್ಷರಕ್ಕೆ ಇಳಿಸಿ, ಓದಿ, ಬೇಕಾದ ಸಾಲುಗಳನ್ನು ಆರಿಸಿ, ಮೇಲೆ ಕೆಳಗೆ ಮಾಡಿ ಜೋಡಿಸುತ್ತೇನೆ. ಆ ಜೋಡಣೆಯೇ ಟೈಮ್‌ಲೈನ್‌ನಲ್ಲಿ, ಅಂದರೆ ಎಡಿಟಿಂಗ್ ಸಾಫ್ಟ್‌ವೇರ್‌ನೊಳಗೆ ತುಂಡುಗಳನ್ನು ಸಾಲಾಗಿ ಇಡುವ ಜಾಗದಲ್ಲಿ, ಕಟ್‌ಗಳಾಗಿ ಬಂದು ಕೂರುತ್ತದೆ. ಓದುವುದು ಕೇಳುವುದಕ್ಕಿಂತ ಬೇಗ ಮುಗಿಯುತ್ತದೆ, ಹಾಗಾಗಿ ಇಡೀ ಸಂದರ್ಶನ ಒಂದೇ ಸಲ ತಲೆಯಲ್ಲಿ ನಿಲ್ಲುತ್ತದೆ. ಅದು ದೊಡ್ಡ ಲಾಭ.

ಆದರೆ ಅಕ್ಷರದಿಂದ ಟೈಮ್‌ಲೈನ್‌ಗೆ ದಾಟಿಸುವ ಹೊತ್ತಿನಲ್ಲೇ ಹೆಚ್ಚು ಕೆಲಸ ಕೆಡುವುದು. ಸಮಯ ತಪ್ಪುತ್ತದೆ, ಫೈಲ್ ಸಿಗುವುದಿಲ್ಲ, ಎಲ್ಲ ಸರಿಯಾಗಿ ಬಂದರೂ ಮಾತಿನ ಅರ್ಥವೇ ಬದಲಾಗಿರುತ್ತದೆ. ಕೊನೆಯದು ನನಗೆ ಆದ ಪೆಟ್ಟು, ಅದನ್ನೂ ಹೇಳುತ್ತೇನೆ. ಧಾರವಾಡದ ನನ್ನ ಮನೆಯ ಮೇಜಿನ ಮೇಲೆ, ಒಂದೇ ಲ್ಯಾಪ್‌ಟಾಪಿನಲ್ಲಿ ನಡೆಯುವ ಕ್ರಮ ಇದು.

ಇಂಗ್ಲಿಷ್ ಸಂದರ್ಶನವಾದರೆ ದಾರಿ ಹತ್ತಿರ. ಡಿಸ್ಕ್ರಿಪ್ಟ್‌ನಂಥ ಆ್ಯಪ್‌ನಲ್ಲಿ ಪದ ಅಳಿಸಿದರೆ ಚಿತ್ರವೂ ಕಟ್ ಆಗುತ್ತದೆ. ಅಡೋಬಿ ಪ್ರೀಮಿಯರ್ ಪ್ರೊ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಇದೇ ಸೌಲಭ್ಯ 2023ರಲ್ಲಿ ಬಂತು. ಅದೇ ವರ್ಷ ಅಂಥದ್ದೇ ಇನ್ನೊಂದಾದ ಡಾವಿಂಚಿ ರಿಸಾಲ್ವ್‌ನ 18.5 ಆವೃತ್ತಿಗೂ ಬಂತು, ಆದರೆ ದುಡ್ಡು ಕೊಟ್ಟು ಕೊಳ್ಳುವ ‘ಸ್ಟುಡಿಯೋ’ ರೂಪದಲ್ಲಿ ಮಾತ್ರ. ಪ್ರೀಮಿಯರ್‌ನ ಪಟ್ಟಿಯಲ್ಲಿ ಆಗ ಹಿಂದಿ ಇತ್ತು, ಕನ್ನಡ ಇರಲಿಲ್ಲ. ನನಗೆ ದಾರಿ ತೆರೆದದ್ದು ವಿಸ್ಪರ್, ಮಾತನ್ನು ಅಕ್ಷರಕ್ಕೆ ಇಳಿಸುವ ಸಾಫ್ಟ್‌ವೇರ್. ಓಪನ್‌ಎಐ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು ಅದು. ನಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ, ಕನ್ನಡವೂ ಗೊತ್ತು. ಸಂದರ್ಶನ ಕೊಟ್ಟವರ ಧ್ವನಿ ಇಂಟರ್ನೆಟ್ಟಿಗೆ ಹೋಗುವುದಿಲ್ಲ ಅನ್ನುವುದೂ ನನಗೆ ಮುಖ್ಯ. ಮನೆಯ ಸಾಲ, ಮಕ್ಕಳ ಜಗಳ ಎಲ್ಲ ಅದರೊಳಗೆ ಇರುತ್ತದೆ.

ಹಾಗಾಗಿ ನನ್ನ ಸಾಮಾನು ಇಷ್ಟೇ: ವಿಸ್ಪರ್, ಅದರ ಬರಹ ತಿದ್ದಲು ಸಬ್‌ಟೈಟಲ್ ಎಡಿಟ್ ಅನ್ನುವ ಸಾಫ್ಟ್‌ವೇರ್, ಜೋಡಿಸಲು ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್, ಕೊನೆಗೆ ರಿಸಾಲ್ವ್‌ನ ಉಚಿತ ಆವೃತ್ತಿ. ನೀವು ಲಿನಕ್ಸ್‌ನಲ್ಲಿ ಕೆಡೆನ್‌ಲೈವ್ ಬಳಸುತ್ತಿದ್ದರೆ ವಿಸ್ಪರನ್ನು ಅದರೊಳಗೇ ಜೋಡಿಸಿಕೊಳ್ಳಬಹುದು, ಬರಹದಲ್ಲಿ ಆಯ್ದ ಭಾಗ ನೇರ ಟೈಮ್‌ಲೈನ್‌ಗೆ ಇಳಿಯುತ್ತದೆ. ಅದೂ ಒಳ್ಳೆಯ ದಾರಿ. ನನಗೆ ಬಣ್ಣ ತಿದ್ದಲು ರಿಸಾಲ್ವ್ ಬೇಕು, ಅದಕ್ಕೇ ಈ ಸುತ್ತು.

ಅಕ್ಷರಕ್ಕೆ ಇಳಿಸುವ ಮೊದಲು

ಮೊದಲು ಫೈಲ್‌ಗಳ ಹೆಸರು. ಕ್ಯಾಮೆರಾ ಕೊಟ್ಟ ಹೆಸರನ್ನೇ ಬಿಟ್ಟರೆ ಎರಡನೇ ದಿನದ ಕಾರ್ಡಿನಲ್ಲೂ ಅದೇ ಹೆಸರು ಬಂದು ಒಂದರ ಬದಲು ಇನ್ನೊಂದು ಕೂರುತ್ತದೆ. ಮಾತಿನ ಪಟ್ಟಿ ಸರಿ ಇದ್ದು ಚಿತ್ರ ಬೇರೆಯದೇ ಬಂದರೆ ಕಾರಣ ಹೆಚ್ಚಾಗಿ ಇದೇ. ನಾನು ಎಂಟೇ ಅಕ್ಷರದ ಹೆಸರು ಇಡುತ್ತೇನೆ: ಊರಿಗೆ ಎರಡು ಅಕ್ಷರ, ದಿನಕ್ಕೆ ಎರಡು ಅಂಕಿ, ಕ್ಯಾಮೆರಾಗೆ ಒಂದು ಅಕ್ಷರ, ಕ್ಲಿಪ್‌ಗೆ ಮೂರು ಅಂಕಿ. ಇಳಕಲ್, ಎರಡನೇ ದಿನ, ಮೊದಲ ಕ್ಯಾಮೆರಾ, ಹದಿನೇಳನೇ ಕ್ಲಿಪ್ ಅಂದರೆ ಐ-ಎಲ್-0-2-ಎ-0-1-7. ಎಂಟೇ ಯಾಕೆ? ಮುಂದೆ ನಾವು ಬರೆಯುವ ಇಡಿಎಲ್, ಅಂದರೆ ಯಾವ ಕಟ್ ಎಲ್ಲಿಂದ ಎಲ್ಲಿಗೆ ಅಂತ ಸಾಫ್ಟ್‌ವೇರ್‌ಗೆ ಹೇಳುವ ಪಟ್ಟಿ, ಟೇಪ್ ಕಾಲದ ಕ್ರಮ, ಸಿಎಂಎಕ್ಸ್ 3600 ಅನ್ನುವ ಎಡಿಟಿಂಗ್ ವ್ಯವಸ್ಥೆಯದು. ಅದರಲ್ಲಿ ಟೇಪಿನ ಹೆಸರಿಗೆ ಇದ್ದ ಜಾಗ ಎಂಟು ಅಕ್ಷರ. ಈಗಿನ ಸಾಫ್ಟ್‌ವೇರ್‌ಗಳು ಉದ್ದದ ಹೆಸರನ್ನೂ ಓದುತ್ತವೆ, ಆದರೂ ಎಂಟರೊಳಗೆ ಇದ್ದರೆ ಎಲ್ಲೂ ತಕರಾರು ಬರುವುದಿಲ್ಲ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ನಡುವೆ ಖಾಲಿ ಜಾಗ ಬೇಡ. ಕನ್ನಡದ ಮೇಲೆ ಎಷ್ಟೇ ಪ್ರೀತಿ ಇದ್ದರೂ ಫೈಲ್ ಹೆಸರಿನಲ್ಲಿ ಅದನ್ನು ತೋರಿಸಬೇಡಿ.

ಆಮೇಲೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟಿನ ಕೆಳಗೆ 25 ಫ್ರೇಮ್‌ನಲ್ಲಿ, ಶಟರ್ 50ನೇ ಒಂದು ಸೆಕೆಂಡಿಗೆ ಇಟ್ಟು ಚಿತ್ರಿಸಿದರೆ ಬೆಳಕು ಮಿಣುಕುವುದಿಲ್ಲ. ಹಾಗಾಗಿ ನನ್ನದು ಯಾವಾಗಲೂ 25. ಫೋನಿನದು ಬೇರೆ ಕಥೆ. ಅದರ ಸ್ವಂತ ಕ್ಯಾಮೆರಾ ಆ್ಯಪ್ ಬೆಳಕು ಕಡಿಮೆಯಾದಾಗ ಫ್ರೇಮ್ ಕಡಿಮೆ ಮಾಡುತ್ತ, ಹೆಚ್ಚಾದಾಗ ಹೆಚ್ಚು ಮಾಡುತ್ತ ಹೋಗುತ್ತದೆ. ಅಂಥ ಫೈಲಿನಲ್ಲಿ ಸೆಕೆಂಡು ಎಣಿಸಿ ಕಟ್ ಹಾಕಿದರೆ ಮೊದಲ ನಿಮಿಷದಲ್ಲಿ ಸರಿ ಇದ್ದದ್ದು ಇಪ್ಪತ್ತನೇ ನಿಮಿಷದಲ್ಲಿ ಜಾರಿರುತ್ತದೆ. ಫೋನೇ ಗತಿಯಾದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ, ಉಚಿತ, ಅದರಲ್ಲಿ 25 ಆಯ್ದುಕೊಳ್ಳಬಹುದು. ಈಗಾಗಲೇ ಚಿತ್ರಿಸಿಬಿಟ್ಟಿದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಕೊಟ್ಟು ಹೊಸ ಫೈಲ್ ಮಾಡಿ, ಅದನ್ನೇ ಮೂಲ ಅಂತ ಇಟ್ಟುಕೊಳ್ಳಿ. ಇಡೀ ಸಂದರ್ಶನ 30ರಲ್ಲಿ ಇದ್ದರೆ ಪ್ರಾಜೆಕ್ಟನ್ನೇ 30ಕ್ಕೆ ಇಡಿ. 25 ಮತ್ತು 30 ಎರಡನ್ನೂ ಒಂದೇ ಪಟ್ಟಿಯೊಳಗೆ ಬೆರೆಸಲು ಹೋಗಬೇಡಿ.

ಮೂರನೆಯದು ಧ್ವನಿ. ನಾನು ಕಾಲರ್ ಮೈಕಿನ ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿಯುತ್ತೇನೆ. ಆ ಫೈಲನ್ನು ನೇರ ವಿಸ್ಪರ್‌ಗೆ ಕೊಟ್ಟರೆ ಬರುವ ಸಮಯ ರೆಕಾರ್ಡರಿನದು, ಕ್ಯಾಮೆರಾದ್ದಲ್ಲ. ರೆಕಾರ್ಡರ್ 40 ಸೆಕೆಂಡು ಮೊದಲೇ ಶುರುವಾಗಿದ್ದರೆ ಪಟ್ಟಿ ಪೂರ್ತಿ 40 ಸೆಕೆಂಡು ಆಚೆ. ಅದಕ್ಕೆ ರಿಸಾಲ್ವ್‌ನ ಬಿನ್ನಿನಲ್ಲಿ (ಕ್ಲಿಪ್‌ಗಳನ್ನು ತಂದಿಡುವ ಫೋಲ್ಡರ್) ಮೊದಲು ಚಿತ್ರ, ಧ್ವನಿ ಎರಡನ್ನೂ ಆರಿಸಿ ಆಟೋ ಸಿಂಕ್ ಆಡಿಯೋ ಕೊಡುತ್ತೇನೆ, ವೇವ್‌ಫಾರ್ಮ್, ಅಂದರೆ ಧ್ವನಿಯ ಅಲೆಗಳ ಆಕಾರ ನೋಡಿ ಅದೇ ಹೊಂದಿಸಿಕೊಳ್ಳುತ್ತದೆ. ಆಮೇಲೆ ಒಂದೊಂದು ಕ್ಲಿಪ್ಪನ್ನು ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಟೈಮ್‌ಲೈನ್‌ನಲ್ಲಿಟ್ಟು ಬರೀ ಧ್ವನಿಯನ್ನು ಹೊರತೆಗೆಯುತ್ತೇನೆ. ಈ ಧ್ವನಿ ಫೈಲಿನ ಸೊನ್ನೆ ಅಂದರೆ ಕ್ಲಿಪ್ಪಿನ ಮೊದಲ ಫ್ರೇಮ್. ಈ ಒಂದು ಸಂಬಂಧ ಗಟ್ಟಿ ಇದ್ದರೆ ಮುಂದಿನ ಲೆಕ್ಕವೆಲ್ಲ ಗಟ್ಟಿ.

ಯಂತ್ರ ಬರೆದದ್ದನ್ನು ತಿದ್ದುವುದು

ವಿಸ್ಪರ್‌ನಲ್ಲಿ ಚಿಕ್ಕದು ದೊಡ್ಡದು ಅಂತ ಹಲವು ಮಾದರಿಗಳಿವೆ. ಕನ್ನಡಕ್ಕೆ ಚಿಕ್ಕವು ಸಾಲುವುದಿಲ್ಲ, ಲಾರ್ಜ್ ಹಾಕಿ ರಾತ್ರಿ ಬಿಟ್ಟು ಮಲಗಿ. ಭಾಷೆ ಕನ್ನಡ ಅಂತ ನಾವೇ ಹೇಳಬೇಕು. ಅದರ ಊಹೆಗೆ ಬಿಟ್ಟರೆ ಮೊದಲ ಮಾತಿನಲ್ಲಿ ನಾಲ್ಕು ಇಂಗ್ಲಿಷ್ ಪದ ಬಂದಿದ್ದರೆ ಸಾಕು, ದಾರಿ ತಪ್ಪುತ್ತದೆ. ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳಿಸಿಕೊಳ್ಳುವುದು ಅದರ ರೀತಿ. ಮಾತಿಲ್ಲದ ಕಡೆ ಸುಮ್ಮನಿರದೆ ಹಿಂದಿನ ಸಾಲನ್ನೇ ನಾಲ್ಕೈದು ಸಲ ಬರೆದುಬಿಡುವುದೂ ಉಂಟು. ಅಜ್ಜ ಎದ್ದು ಮಗ್ಗಕ್ಕೆ ಇಳಿದು ಎರಡು ನಿಮಿಷ ನೇಯ್ದ ಕಡೆ ನನಗೆ ಒಂದೇ ವಾಕ್ಯ ಏಳು ಸಲ ಬಂದಿತ್ತು. ಒಂದೇ ಸಾಲು ಮತ್ತೆ ಮತ್ತೆ ಕಂಡರೆ ಅಲ್ಲಿ ಮಾತಿಲ್ಲ ಅಂತ ತಿಳಿದು, ಕೇಳಿ ನೋಡಿ ಅಳಿಸಿ.

ಕಸುಬಿನ ಮಾತು ಅದಕ್ಕೆ ಗೊತ್ತಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಓಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ ತಯಾರಾಗಿ, ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಅಜ್ಜ ಅದನ್ನೇ ಹತ್ತು ನಿಮಿಷ ವಿವರಿಸಿದ್ದರು. ವಿಸ್ಪರ್ ಪ್ರತಿ ಸಲವೂ ‘ಕೊಂಡಿ’ಯನ್ನು ‘ಕೊಂಡು’ ಅಂತ ಬರೆದಿತ್ತು. ಒಂದೇ ಸಲಕ್ಕೆ ಎಲ್ಲ ಬದಲಿಸೋಣ ಅಂದರೆ ಆಗುವುದಿಲ್ಲ, ‘ಹಿಡಿದುಕೊಂಡು’, ‘ಮಾಡಿಕೊಂಡು’ ಎಲ್ಲ ಕೆಟ್ಟು ಹೋಗುತ್ತವೆ. ಒಂದೊಂದಾಗಿಯೇ ತಿದ್ದಬೇಕು. ಲಾಳಿ, ಹಾಸು, ಹೊಕ್ಕು, ಊರಿನ ಹೆಸರು, ಮನೆತನದ ಹೆಸರು ಇವನ್ನು ಶೂಟಿಂಗ್ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರೆ ತಿದ್ದುವವರಿಗೆ ದೊಡ್ಡ ಉಪಕಾರ.

ಬಯಲುಸೀಮೆಯ ಮಾತಿನಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಿ. ನಮ್ಮ ಕಡೆ ‘ನೂಲು ಕೊಟ್ರ’ ಅಂದರೆ ಕೊಟ್ಟರೆ. ‘ನೂಲು ಕೊಟ್ರು’ ಅಂದರೆ ಕೊಟ್ಟರು. ಯಂತ್ರಕ್ಕೆ ಈ ಒಂದು ಸ್ವರದ ಅಂತರ ನಿಲ್ಲುವುದಿಲ್ಲ. ಬರಹ ಓದುವ ಬೆಂಗಳೂರಿನ ಗೆಳೆಯರಿಗೂ ನಿಲ್ಲುವುದಿಲ್ಲ. ‘ಕೊಟ್ಟರೆ ನೇಯುತ್ತೇವೆ’ ಅನ್ನುವ ಮಾತು ‘ಕೊಟ್ಟರು, ನೇಯುತ್ತೇವೆ’ ಆಗಿ ಕೂತರೆ ಚಿತ್ರವೇ ಸುಳ್ಳು ಹೇಳುತ್ತದೆ. ಆದ್ದರಿಂದ ತಿದ್ದುವ ಕೆಲಸ ಆ ಕಡೆಯ ಮಾತಿನಲ್ಲಿ ಬೆಳೆದವರ ಕೈಗೇ ಕೊಡಿ, ಕೇಳುತ್ತಲೇ ತಿದ್ದಲಿ, ಬರೀ ಓದಿ ತಿದ್ದುವುದು ಬೇಡ. ಅವರು ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಮಾಡುವವರಾದರೆ ಯೂನಿಕೋಡ್‌ಗೆ ಬದಲಿಸಿ ಕೊಡಲು ಮೊದಲೇ ಹೇಳಿ. ಇಲ್ಲವಾದರೆ ಸಬ್‌ಟೈಟಲ್ ಎಡಿಟ್‌ನಲ್ಲಿ ತೆರೆದಾಗ ಪೂರ್ತಿ ಫೈಲ್ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ತಿದ್ದುವಾಗಲೇ ನಾನು ಮೌನವನ್ನೂ ಬರೆಸುತ್ತೇನೆ. ಬರಹಕ್ಕೆ ಮೌನ ಗೊತ್ತಿಲ್ಲ, ಎರಡು ಸಾಲುಗಳ ನಡುವೆ ಅರ್ಧ ಸೆಕೆಂಡು ಇದ್ದರೂ ಆರು ಸೆಕೆಂಡು ಇದ್ದರೂ ಹಾಳೆಯ ಮೇಲೆ ಒಂದೇ. ಹೆಂಡತಿ ತೀರಿಕೊಂಡದ್ದನ್ನು ಹೇಳುವ ಮುಂಚೆ ಅಜ್ಜ ನಾಲ್ಕು ಸೆಕೆಂಡು ಲಾಳಿ ನೋಡುತ್ತ ಕೂತಿದ್ದರು. ‘(ಮೌನ 4)’ ಅಂತ ಬರೆಸಿದ್ದರಿಂದ ಉಳಿಯಿತು. ಇಲ್ಲದಿದ್ದರೆ ಪಟ್ಟಿಯಲ್ಲಿ ಆ ನಾಲ್ಕು ಸೆಕೆಂಡಿಗೆ ಸಾಲೇ ಇರುತ್ತಿರಲಿಲ್ಲ.

ವಾಕ್ಯದ ಕೊನೆಗೆ ಕತ್ತರಿ ಇಡುವ ಮುಂಚೆ

ಈಗ ಆರಿಸುವ ಕೆಲಸ. ವಿಸ್ಪರ್ ಕೊಟ್ಟು ನಾವು ತಿದ್ದಿದ ಸಬ್‌ಟೈಟಲ್ ಫೈಲಿನ ಸಾಲುಗಳನ್ನು ಸ್ಪ್ರೆಡ್‌ಶೀಟಿಗೆ ತಂದು, ಕ್ಲಿಪ್, ಶುರು, ಕೊನೆ, ಮಾತು ಅಂತ ನಾಲ್ಕು ಕಾಲಂ ಮಾಡಿ, ಐದನೆಯದರಲ್ಲಿ ಚಿತ್ರದಲ್ಲಿ ಎಷ್ಟನೇ ತುಂಡು ಅಂತ ಅಂಕಿ ಹಾಕುತ್ತ ಹೋಗುತ್ತೇನೆ. ಅಂಕಿ ಇಲ್ಲದ ಸಾಲು ಹೊರಗೆ. ಅಂಕಿಯ ಪ್ರಕಾರ ಸಾರ್ಟ್ ಕೊಟ್ಟರೆ ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆ ಓದಲು ಸಿಗುತ್ತದೆ.

ಅಜ್ಜನ ಸಂದರ್ಶನದಲ್ಲಿ ಕೊನೆಯ ಬೈಟ್ (ಚಿತ್ರದಲ್ಲಿ ಬಳಸುವ ಮಾತಿನ ತುಂಡು) ಆಗಿ ನಾನು ಆರಿಸಿದ ಸಾಲು ಇದು: ‘ಕೈಮಗ್ಗ ಇನ್ನ ಮುಗೀತು, ಇದರಾಗ ಏನೂ ಉಳದಿಲ್ಲ.’ ಓದಲು ಎದೆಗೆ ನಾಟುವಂಥದ್ದು. ರಫ್ ಕಟ್ ಕಟ್ಟಿ, ಇಳಕಲ್ಲಿಗೆ ಹೋಗಿ, ಅವರ ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಪೂರ್ತಿ ನೋಡಿದರು. ಮುಗಿದ ಮೇಲೆ ಹೇಳಿದರು: ‘ತಂಗಿ, ಇದು ನನ್ನ ಮಾತಲ್ಲ, ನನ್ನ ಮಗಂದು. ನಾ ಅದರ ಹಿಂದ ಇನ್ನೊಂದ ಮಾತ ಹೇಳೇನಲ್ಲ?’

ಮನೆಗೆ ಬಂದು ಮೂಲ ಕೇಳಿದೆ. ಅವರು ಅಂದದ್ದು: ‘ಕೈಮಗ್ಗ ಇನ್ನ ಮುಗೀತು, ಇದರಾಗ ಏನೂ ಉಳದಿಲ್ಲ ಅಂತ ನನ್ನ ಮಗ ಅಂತಾನ. ನನಗ ಹಂಗ ಅನಸೂದಿಲ್ಲ.’ ವಿಸ್ಪರ್ ‘ಉಳದಿಲ್ಲ’ದ ಹತ್ತಿರ ಸಾಲು ಮುರಿದಿತ್ತು. ‘ಅಂತ’ ಕೆಳಗಿನ ಸಾಲಿಗೆ ಹೋಗಿತ್ತು. ನಾನು ಮೇಲಿನ ಸಾಲನ್ನಷ್ಟೇ ಎತ್ತಿಕೊಂಡಿದ್ದೆ. ಎಪ್ಪತ್ತು ದಾಟಿದ ಮನುಷ್ಯ ತನ್ನ ಕಸುಬಿನ ಮೇಲೆ ಇಟ್ಟ ನಂಬಿಕೆಯನ್ನು ನಾನು ತಿರುವು ಮುರುವು ಮಾಡಿ ಅವರ ಬಾಯಲ್ಲೇ ಹೇಳಿಸಿದ್ದೆ. ಆವತ್ತಿನ ನಾಚಿಕೆ ಈಗಲೂ ಇದೆ.

ಇಂಗ್ಲಿಷಿಗೆ ಕಟ್ಟಿದ ಸಾಧನಗಳನ್ನು ಕನ್ನಡಕ್ಕೆ ಬಳಸುವಾಗ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ವಾಕ್ಯದ ತೀರ್ಪು ಕೊನೆಯಲ್ಲಿ ಇರುತ್ತದೆ. ‘ಅಂತ’, ‘ಅಂತೆ’, ‘ಅಲ್ಲ’, ‘ಅನ್ನೋದು ಸುಳ್ಳು’, ‘ಅಂದ್ಕೊಂಡಿದ್ದೆ’ ಎಲ್ಲವೂ ಕೊನೆಗೆ ಬರುವಂಥವು. ಅದಕ್ಕೂ ಮೊದಲಿನ ಹತ್ತು ಪದ ಏನೇ ಹೇಳಿದ್ದರೂ ಈ ಒಂದು ಪದ ಅದನ್ನು ಬೇರೆಯವರ ಮಾತು ಮಾಡುತ್ತದೆ, ಇಲ್ಲವೇ ಪೂರ್ತಿ ಅಳಿಸುತ್ತದೆ. ಅದಕ್ಕೆ ಈಗ ನನ್ನ ಸ್ಪ್ರೆಡ್‌ಶೀಟಿನಲ್ಲಿ ಆರನೇ ಕಾಲಂ ಇದೆ. ಆರಿಸಿದ ಪ್ರತಿ ಸಾಲಿನ ಮುಂದಿನ ಸಾಲು ತಾನಾಗಿಯೇ ಅಲ್ಲಿ ಬೂದು ಬಣ್ಣದಲ್ಲಿ ಕಾಣುತ್ತದೆ. ಸಾರ್ಟ್ ಮಾಡುವ ಮುಂಚೆಯೇ ಅದನ್ನು ತುಂಬಿ, ಸೂತ್ರವನ್ನು ಬರೀ ಬರಹವಾಗಿ ಪೇಸ್ಟ್ ಮಾಡಿಡಬೇಕು, ಇಲ್ಲದಿದ್ದರೆ ಸಾರ್ಟ್ ಆದ ಮೇಲೆ ಬೇರೆ ಸಾಲು ಬಂದು ಕೂರುತ್ತದೆ. ಮುಂದಿನ ಸಾಲು ‘ಅಂತ’ದಿಂದ ಶುರುವಾದರೆ, ಇಲ್ಲವೇ ನನ್ನ ಸಾಲು ‘ಮಾಡಿ’, ‘ಹೋಗಿ’, ‘ಇದ್ದು’ ಹೀಗೆ ಅರ್ಧಕ್ಕೆ ನಿಂತಿದ್ದರೆ ಎರಡೂ ಸಾಲು ಒಟ್ಟಿಗೇ ಬರಬೇಕು.

ಪಟ್ಟಿಯ ಲೆಕ್ಕ

ಸಾಫ್ಟ್‌ವೇರ್‌ಗೆ ಕಟ್‌ಗಳನ್ನು ಹೇಳಲು ಎರಡು ಬಗೆಯ ಫೈಲ್ ಬಳಕೆಯಲ್ಲಿವೆ. ಎಕ್ಸ್‌ಎಂಎಲ್‌ನಲ್ಲಿ ಹಲವು ಟ್ರ್ಯಾಕ್, ಫೋಲ್ಡರ್ ದಾರಿ ಎಲ್ಲ ಹೋಗುತ್ತದೆ, ಆದರೆ ಕೈಯಲ್ಲಿ ಬರೆಯಲಾಗದು. ಇಡಿಎಲ್ ಬರೀ ಪಠ್ಯದ ಪಟ್ಟಿ, ಒಂದೇ ಚಿತ್ರದ ಟ್ರ್ಯಾಕ್, ಹೆಚ್ಚೆಂದರೆ 999 ಕಟ್. ಒಬ್ಬರ ಸಂದರ್ಶನಕ್ಕೆ ಇಷ್ಟು ಧಾರಾಳ. ಕಣ್ಣಿಂದ ಓದಿ ತಪ್ಪು ಹಿಡಿಯಬಹುದು ಅನ್ನುವ ಕಾರಣಕ್ಕೆ ನನಗೆ ಇದೇ ಇಷ್ಟ.

ಪ್ರತಿ ಸಾಲಿನಲ್ಲಿ ಎಂಟು ಸಂಗತಿ: ಕಟ್‌ನ ಸಂಖ್ಯೆ, ಕ್ಲಿಪ್ಪಿನ ಎಂಟಕ್ಷರದ ಹೆಸರು, ಚಿತ್ರವೋ ಧ್ವನಿಯೋ ಎರಡೂವೋ ಅನ್ನುವ ಅಕ್ಷರ, ನೇರ ಕಟ್ ಅನ್ನುವುದಕ್ಕೆ ‘ಸಿ’, ಆಮೇಲೆ ನಾಲ್ಕು ಟೈಮ್‌ಕೋಡ್ (ಗಂಟೆ:ನಿಮಿಷ:ಸೆಕೆಂಡು:ಫ್ರೇಮ್ ಅಂತ ಬರೆದ ಸಮಯ). ಮೊದಲೆರಡು ಮೂಲ ಕ್ಲಿಪ್ಪಿನಲ್ಲಿ ಎಲ್ಲಿಂದ ಎಲ್ಲಿಗೆ, ಕೊನೆಯೆರಡು ಹೊಸ ಟೈಮ್‌ಲೈನ್‌ನಲ್ಲಿ ಎಲ್ಲಿಂದ ಎಲ್ಲಿಗೆ. ಮೂರನೆಯ ಜಾಗದಲ್ಲಿ ‘ಬಿ’ ಬರೆಯಿರಿ, ಎರಡೂ ಅಂತ ಅರ್ಥ. ‘ವಿ’ ಬರೆದರೆ ಚಿತ್ರ ಮಾತ್ರ ಬಂದು ಮೂಕ ಟೈಮ್‌ಲೈನ್ ಸಿಗುತ್ತದೆ. ಎಲ್ಲಕ್ಕೂ ಮೇಲೆ ಟೈಟಲ್ ಸಾಲು, ಅದರ ಕೆಳಗೆ ನಾನ್-ಡ್ರಾಪ್ ಫ್ರೇಮ್ (ಎಣಿಕೆಯಲ್ಲಿ ಯಾವ ಫ್ರೇಮ್ ಅಂಕಿಯನ್ನೂ ಬಿಟ್ಟಿಲ್ಲ) ಅನ್ನುವ ಸಾಲು.

ಒಂದು ಸಾಲನ್ನು ಬಿಡಿಸಿ ತೋರಿಸುತ್ತೇನೆ. ಕ್ಲಿಪ್ ಹದಿನೇಳರಲ್ಲಿ ಅಜ್ಜ ಕೊಂಡಿಯ ಬಗ್ಗೆ ಹೇಳುವುದು ವಿಸ್ಪರ್ ಪ್ರಕಾರ 00:04:12,400ಕ್ಕೆ ಶುರು, 00:04:31,200ಕ್ಕೆ ಕೊನೆ. ಕಾಮಾದ ಆಚೆ ಇರುವುದು ಮಿಲಿಸೆಕೆಂಡು, ನಮಗೆ ಬೇಕಾದ್ದು ಫ್ರೇಮ್. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. 400ನ್ನು 40ರಿಂದ ಭಾಗಿಸಿದರೆ 10, 200ನ್ನು ಭಾಗಿಸಿದರೆ 5. ಅಂದರೆ 00:04:12:10ರಿಂದ 00:04:31:05. ಸರಿಯಾಗಿ ಭಾಗವಾಗದಿದ್ದರೆ ಶುರುವನ್ನು ಕೆಳಗಿನ ಪೂರ್ಣ ಅಂಕಿಗೆ, ಕೊನೆಯನ್ನು ಮೇಲಿನ ಪೂರ್ಣ ಅಂಕಿಗೆ ಸರಿಸಿ.

ಇಲ್ಲಿಗೆ ನಿಲ್ಲಿಸಿದರೆ ತಪ್ಪು. ನನ್ನ ಕ್ಯಾಮೆರಾ ಟೈಮ್‌ಕೋಡನ್ನು ಗಡಿಯಾರದ ಹೊತ್ತಿನಿಂದ ಬರೆಯುತ್ತದೆ. ಈ ಕ್ಲಿಪ್ ಶುರುವಾದದ್ದು ಮಧ್ಯಾಹ್ನ 14:22:08:00ಕ್ಕೆ. ವಿಸ್ಪರ್ ಎಣಿಸಿದ್ದು ಸೊನ್ನೆಯಿಂದ. ಎರಡನ್ನೂ ಕೂಡಿಸಿದಾಗ ಮೂಲದ ಶುರು 14:26:20:10, ಕೊನೆ 14:26:39:05. ತುಂಡಿನ ಉದ್ದ 18 ಸೆಕೆಂಡು 20 ಫ್ರೇಮ್. ಹೊಸ ಟೈಮ್‌ಲೈನ್ ರೂಢಿಯಂತೆ 01:00:00:00ರಿಂದ ಶುರುವಾದರೆ ಈ ಮೊದಲ ಕಟ್ 01:00:18:20ಕ್ಕೆ ಮುಗಿಯುತ್ತದೆ, ಎರಡನೆಯದು ಅದೇ ಅಂಕಿಯಿಂದ ಶುರು. ಒಂದು ಫ್ರೇಮ್ ಮುಂದೆ ಅಲ್ಲ, ಅದೇ ಅಂಕಿ. ಇಡಿಎಲ್‌ನಲ್ಲಿ ಕೊನೆಯ ಅಂಕಿಯ ಫ್ರೇಮ್ ತುಂಡಿನೊಳಗೆ ಸೇರುವುದಿಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಇದನ್ನೆಲ್ಲ ಟೈಮ್‌ಕೋಡ್ ರೂಪದಲ್ಲೇ ಕೂಡಲು ಹೋಗಬೇಡಿ. ಎಲ್ಲವನ್ನೂ ಫ್ರೇಮಿಗೆ ಬದಲಿಸಿ. 14:22:08:00 ಅಂದರೆ 51,728 ಸೆಕೆಂಡು, ಇಂಟು 25 ಮಾಡಿದರೆ 12,93,200 ಫ್ರೇಮ್. ಅದಕ್ಕೆ 6,310 ಕೂಡಿಸಿ 12,99,510. ಕೂಡು ಕಳೆ ಎಲ್ಲ ಮುಗಿದ ಮೇಲೆ ಕೊನೆಯ ಕಾಲಂನಲ್ಲಿ ಮಾತ್ರ ಟೈಮ್‌ಕೋಡ್‌ಗೆ ಹಿಂದಿರುಗಿಸಿ. ಆ ಕಾಲಂಗಳನ್ನು ಪಠ್ಯ ಅಂತಲೇ ಗುರುತು ಮಾಡಿಡಿ, ಇಲ್ಲವಾದರೆ ಲಿಬ್ರೆಆಫೀಸ್ ಅದನ್ನು ಗಡಿಯಾರದ ಸಮಯ ಅಂದುಕೊಂಡು ತನಗೆ ತೋಚಿದಂತೆ ಬದಲಿಸುತ್ತದೆ.

ಉಸಿರಿಗೆ ಜಾಗ ಬಿಡುವುದೂ ಇಲ್ಲಿಯೇ. ವಿಸ್ಪರ್ ಕೊಡುವ ಅಂಚು ಪದದ ಅಂಚಿಗೆ ತೀರ ಒತ್ತಾಗಿರುತ್ತದೆ, ಕೆಲವೊಮ್ಮೆ ಮೊದಲ ಅಕ್ಷರವನ್ನೇ ಕಡಿಯುತ್ತದೆ. ನಾನು ಶುರುವಿಗೆ 6 ಫ್ರೇಮ್ ಮುಂಚೆ, ಕೊನೆಗೆ 10 ಫ್ರೇಮ್ ಆಮೇಲೆ ಇಡುತ್ತೇನೆ. ಮೂಲದಲ್ಲಿ ಒಂದರ ಹಿಂದೊಂದು ಇರುವ ಎರಡು ಸಾಲುಗಳನ್ನು ಅದೇ ಕ್ರಮದಲ್ಲಿ ಬಳಸುವಾಗ ಮಾತ್ರ ಜೋಕೆ. ಎರಡಕ್ಕೂ ಅಂಚು ಬಿಟ್ಟರೆ ನಡುವಿನ 16 ಫ್ರೇಮ್ ಎರಡೆರಡು ಸಲ ಕೇಳಿ, ಅಜ್ಜ ತೊದಲಿದಂತಾಗುತ್ತದೆ. ಅಂಥ ಸಾಲುಗಳನ್ನು ಒಂದೇ ತುಂಡಾಗಿ ಸೇರಿಸಿ, ಅಂಚನ್ನು ಹೊರಗಡೆ ಮಾತ್ರ ಬಿಡಿ.

ರಿಸಾಲ್ವ್‌ನಲ್ಲಿ ತೆರೆಯುವುದು

ಪ್ರಾಜೆಕ್ಟಿನ ಫ್ರೇಮ್ ರೇಟ್ 25 ಅಂತ ಮೊದಲೇ ಇಟ್ಟಿರಬೇಕು, ಕ್ಲಿಪ್ ತಂದ ಮೇಲೆ ಅದು ಬದಲಾಗುವುದಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜನರಲ್ ಆಪ್ಷನ್ಸ್‌ನಲ್ಲಿ ರೀಲ್ ಹೆಸರನ್ನು (ಇಡಿಎಲ್‌ನಲ್ಲಿ ಟೇಪಿನ ಹೆಸರು ಅಂದೆನಲ್ಲ, ಅದೇ) ಫೈಲ್ ಹೆಸರಿನಿಂದ ತೆಗೆದುಕೊ ಅನ್ನುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ನಮ್ಮ ಎಂಟಕ್ಷರದ ಹೆಸರು ಆಗಲೇ ಫಲ ಕೊಡುವುದು. ಆಮೇಲೆ ಫೈಲ್ ಮೆನು, ಇಂಪೋರ್ಟ್, ಟೈಮ್‌ಲೈನ್. ತೆರೆಯುವ ಪೆಟ್ಟಿಗೆಯಲ್ಲಿ ಮೂಲ ಕ್ಲಿಪ್‌ಗಳನ್ನು ತಾನೇ ತರುವ ಆಯ್ಕೆಗೆ ಟಿಕ್ ತೆಗೆಯಿರಿ. ಸಿಂಕ್ ಮಾಡಿಟ್ಟ ಕ್ಲಿಪ್‌ಗಳು ಬಿನ್ನಿನಲ್ಲಿ ಇವೆಯಲ್ಲ, ಅವನ್ನೇ ಅದು ಹಿಡಿದುಕೊಳ್ಳಬೇಕು.

ಪೂರ್ತಿ ಪಟ್ಟಿಯನ್ನು ಒಮ್ಮೆಲೇ ತರಬೇಡಿ. ಮೂರು ಕಟ್‌ಗಳ ಒಂದು ಪುಟ್ಟ ಪಟ್ಟಿ ಮಾಡಿ: ಒಂದು ಕ್ಲಿಪ್ಪಿನ ಶುರುವಿನದು, ಒಂದು ಉದ್ದದ ಕ್ಲಿಪ್ಪಿನ ಕೊನೆಯದು, ಒಂದು ಬೇರೆ ದಿನದ್ದು. ಮೂರೂ ಸರಿ ಬಂದು, ಒಳ್ಳೆಯ ಮೈಕಿನ ಧ್ವನಿಯೇ ಕೇಳಿದರೆ ಉಳಿದದ್ದನ್ನು ನಂಬಬಹುದು. ಕೆಂಪು ಪರದೆಯಲ್ಲಿ ಮೀಡಿಯಾ ಆಫ್‌ಲೈನ್ ಅಂತ ಬಂದರೆ ಹೆಸರು ಇಲ್ಲವೇ ಗಡಿಯಾರದ ಕೂಡಿಕೆ ತಪ್ಪಿದೆ. ಚಿತ್ರ ಬಂದು ಮಾತು ಬೇರೆ ಇದ್ದರೆ, ಎಲ್ಲ ಕಟ್‌ನಲ್ಲೂ ಅಷ್ಟೇ ಅಂತರ ಇದೆಯೋ ನೋಡಿ. ಒಂದೇ ಸಮ ಇದ್ದರೆ ಕೂಡಿಕೆಯ ತಪ್ಪು. ಬರುಬರುತ್ತ ಹೆಚ್ಚಾಗುತ್ತಿದ್ದರೆ ಫ್ರೇಮ್ ರೇಟಿನದು.

ಡಿಸ್ಕ್ರಿಪ್ಟ್‌ನಂಥ ಆ್ಯಪ್‌ನಿಂದ ಬರುವವರಿಗೆ ಈ ಲೆಕ್ಕವೆಲ್ಲ ಬೇಡ, ಅದು ಟೈಮ್‌ಲೈನನ್ನು ತಾನೇ ಬರೆದು ಕೊಡುತ್ತದೆ. ಎರಡು ಮಾತು ನೆನಪಿಡಿ. ಪ್ರೀಮಿಯರ್ ಓದುವುದು ಹಳೆಯ ಫೈನಲ್ ಕಟ್ 7ರ ಎಕ್ಸ್‌ಎಂಎಲ್. ಹೊಸ ಫೈನಲ್ ಕಟ್‌ನ ಎಫ್‌ಸಿಪಿಎಕ್ಸ್‌ಎಂಎಲ್ ಅದಕ್ಕೆ ನೇರ ಹತ್ತುವುದಿಲ್ಲ, ರಿಸಾಲ್ವ್ ಎರಡನ್ನೂ ಓದುತ್ತದೆ. ಮತ್ತೆ, ಆ್ಯಪ್‌ನೊಳಗೆ ಧ್ವನಿಗೆ ಮಾಡಿದ ಅಲಂಕಾರ, ಶುದ್ಧಿ ಎಲ್ಲ ಜೊತೆಗೆ ಬರುತ್ತದೆ ಅಂತ ಎಣಿಸಬೇಡಿ. ಬರುವುದು ಕಟ್‌ಗಳು. ಆ್ಯಪ್‌ಗೆ ಹಗುರದ ನಕಲು ಫೈಲ್ ಕೊಟ್ಟಿದ್ದರೆ ಇಲ್ಲಿ ಬಂದು ಮೂಲಕ್ಕೆ ಮತ್ತೆ ಲಿಂಕ್ ಮಾಡಬೇಕು, ನಕಲಿನ ಹೆಸರು ಮೂಲದ್ದೇ ಇದ್ದರೆ ಐದು ನಿಮಿಷದ ಕೆಲಸ.

ಇನ್ನು ಮುಂದೆ ಕಿವಿ

ಟೈಮ್‌ಲೈನ್ ತುಂಬಿದ ತಕ್ಷಣ ನಾನು ಸ್ಪ್ರೆಡ್‌ಶೀಟ್ ಮುಚ್ಚುತ್ತೇನೆ. ಪರದೆಯನ್ನೂ ನೋಡದೆ, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಒಂದು ಸಲ ಪೂರ್ತಿ ಕೇಳುತ್ತೇನೆ. ಓದುವಾಗ ಚೆಂದ ಹೊಂದಿದ ಎರಡು ಸಾಲು ಕೇಳುವಾಗ ಜಗಳಾಡುತ್ತವೆ. ಒಂದರಲ್ಲಿ ಅಜ್ಜ ಬೆಳಗಿನ ತಾಜಾ ಧ್ವನಿ, ಇನ್ನೊಂದರಲ್ಲಿ ಮಧ್ಯಾಹ್ನದ ಊಟವಾದ ಮೇಲಿನ ಭಾರದ ಧ್ವನಿ. ಒಂದು ವಾಕ್ಯ ಏರುದನಿಯಲ್ಲಿ ನಿಂತಿದೆ, ಅಂದರೆ ಅವರು ಇನ್ನೂ ಏನೋ ಹೇಳುವವರಿದ್ದರು. ಅಂಥ ಕಡೆ ಇಡೀ ಕ್ಲಿಪ್ ಹಿಂದೆಯೇ ಇರುವುದರಿಂದ ಅಂಚು ಎಳೆದು ಹಿಗ್ಗಿಸಿ ನೋಡಿ, ಹೆಚ್ಚು ಸಲ ಉತ್ತರ ಮುಂದಿನ ಎರಡು ಸೆಕೆಂಡಿನಲ್ಲೇ ಇರುತ್ತದೆ.

ಮಗ್ಗದ ಮನೆಯಲ್ಲಿ ಇನ್ನೊಂದು ಕಷ್ಟ. ಅಜ್ಜ ಮಾತಾಡುವಾಗ ಪಕ್ಕದ ಗುಂಡಿಮಗ್ಗದಲ್ಲಿ ಸೊಸೆ ನೇಯುತ್ತಲೇ ಇದ್ದರು. ಖಟ್, ಲಾಳಿ ಓಡುವ ಸದ್ದು, ಮತ್ತೆ ಖಟ್. ಬರಹದಲ್ಲಿ ಅದರ ಸುಳಿವೇ ಇಲ್ಲ. ಕಟ್ ಆದ ಪ್ರತಿ ಕಡೆ ಆ ಲಯ ಮುಗ್ಗರಿಸುತ್ತದೆ, ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಇಲ್ಲಿ ಕತ್ತರಿಸಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಹೊರಡುವ ಮುಂಚೆ ಯಾರೂ ಮಾತಾಡದೆ ಎರಡು ನಿಮಿಷ ಮಗ್ಗದ ಸದ್ದನ್ನಷ್ಟೇ ಹಿಡಿದುಕೊಂಡು ಬಂದಿದ್ದೆ. ಅದನ್ನು ಇಡೀ ಸಂದರ್ಶನದ ಕೆಳಗೆ ಬೇರೆ ಟ್ರ್ಯಾಕಿನಲ್ಲಿ ಹಾಸಿದೆ. ಮಾತಿನ ಕಟ್‌ಗಳನ್ನು ಎರಡು ಮೂರು ಫ್ರೇಮ್ ಆಚೀಚೆ ಸರಿಸಿ ಪ್ರತಿ ಕಟ್ ಒಂದು ಖಟ್‌ನ ಮೇಲೆ ಬೀಳುವಂತೆ ಮಾಡಿದೆ. ಸಣ್ಣ ಕೆಲಸವಲ್ಲ, ಒಂದು ದಿನ ಹಿಡಿಯಿತು. ಕೈ ಮತ್ತು ನೂಲಿನ ಹತ್ತಿರದ ಚಿತ್ರಗಳನ್ನು ಕಟ್‌ಗಳ ಮೇಲೆ ಹೊದಿಸಿದ್ದು ಅದಾದ ಮೇಲೆ.

ಸಬ್‌ಟೈಟಲನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ. ಮೊದಲಿನ ಸಬ್‌ಟೈಟಲ್ ಫೈಲಿನ ಸಮಯ ಕಟ್ ಆದ ಚಿತ್ರಕ್ಕೆ ಹೊಂದುವುದಿಲ್ಲ, ಸ್ಪ್ರೆಡ್‌ಶೀಟಿನ ಹೊಸ ಸಮಯವೂ ನೀವು ಕಿವಿಯಿಂದ ಸರಿಸಿದ ಮೇಲೆ ಅಷ್ಟಿಷ್ಟು ಜಾರಿರುತ್ತದೆ. ತಿದ್ದಿದ ಮಾತು ಕೈಯಲ್ಲಿದೆ, ಸಮಯ ಮಾತ್ರ ಮತ್ತೆ ಕೂರಿಸಿ. ಪ್ರೀಮಿಯರ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ನನ್ನು ಸೌತ್ ಏಷ್ಯನ್‌ಗೆ ಬದಲಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಯಾವ ಸಾಫ್ಟ್‌ವೇರ್ ಆದರೂ ಮೊದಲು ‘ಸ್ತ್ರೀ’, ‘ರಾಷ್ಟ್ರ’, ‘ಅರ್ಧ’, ‘ಮಗ್ಗ’ ಈ ನಾಲ್ಕು ಪದ ಟೈಪ್ ಮಾಡಿ ನೋಡುತ್ತೇನೆ. ನಾಲ್ಕೂ ಸರಿ ಮೂಡಿದರೆ ಫಾಂಟ್ ಸರಿ ಇದೆ.

ಅಜ್ಜನ ಆ ಕೊನೆಯ ಬೈಟ್ ಈಗ ‘ನನಗ ಹಂಗ ಅನಸೂದಿಲ್ಲ’ ಅನ್ನುವುದಕ್ಕೆ ಮುಗಿಯುತ್ತದೆ. ಅದಾದ ಮೇಲೆ ಮೂರು ಸೆಕೆಂಡು ಬರೀ ಮಗ್ಗದ ಸದ್ದು ಬಿಟ್ಟಿದ್ದೇನೆ. ಹೊಸ ಕಟ್ ತೋರಿಸಲು ಮತ್ತೆ ಇಳಕಲ್ಲಿಗೆ ಹೋದಾಗ ಅವರು ಮಗನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.